ಸುಣ್ಣದಕಲ್ಲು ಮತ್ತು ನಮ್ಮ ವಿಭಾಗದ ಮುಖ್ಯಸ್ಥರು

ನಮ್ಮ ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ಆಯುಷ್ಯವೆಲ್ಲ ಕಲ್ಲಿನ ಬಗ್ಗೆ ಪಾಠ ಮಾಡಿದರು. ಅವರು ಸೊಂಟ ಬಗ್ಗಿಸಿ ನೆಲದಿಂದ ಒಂದೇ ಒಂದು ಕಲ್ಲು ಎತ್ತಿಕೊಂಡದ್ದನ್ನು ನಾನು ಕಾಣೆ. ಇಲ್ಲಿ ಅವರಿಗೆ ಬಹುವಚನ ಹಚ್ಚುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ತರಗತಿಯಲ್ಲಿ ಹನ್ನೊಂದು ಜನ, ಅದರಲ್ಲಿ ನನ್ನನ್ನೂ ಸೇರಿಸಿ ಹುಡುಗಿಯರು ಇಬ್ಬರು. ಮುಖ್ಯಸ್ಥರು ಕಂದು ಕಾಗದದ ರಟ್ಟು ಹಾಕಿದ ನೋಟ್ಸು ಹಿಡಿದು ಬರುತ್ತಿದ್ದರು. ಹಾಳೆಗಳು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ಹಾಗಿದ್ದವು. ಅದನ್ನು ಅವರು ಓದುವುದು, ನಾವು ಬರೆದುಕೊಳ್ಳುವುದು. ಕಾಮಾ, ಫುಲ್‌ಸ್ಟಾಪನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಯಾರಾದರೂ ಕೆಮ್ಮಿ ಸಾಲು ತಪ್ಪಿದರೆ ಪ್ಯಾರಾದ ಮೊದಲಿನಿಂದ ಮತ್ತೆ ಶುರು. ಒಂದೇ ಪ್ಯಾರಾವನ್ನು ಎರಡೆರಡು ಸಲ ಬರೆದುಕೊಂಡ ಪುಣ್ಯಾತ್ಮರೂ ನಮ್ಮಲ್ಲಿದ್ದರು.

ಸುಣ್ಣದಕಲ್ಲಿನ ಪಾಠ ಅವರ ನೋಟ್ಸಿನಲ್ಲಿ ಒಂದೂವರೆ ಪುಟ. "ಲೈಮ್‌ಸ್ಟೋನ್ ಸಮುದ್ರದ ತಳದಲ್ಲಿ ಉಂಟಾಗುತ್ತದೆ, ಫುಲ್‌ಸ್ಟಾಪ್" ಎಂದು ಅದು ಆರಂಭವಾಗುತ್ತಿತ್ತು. ಯಾವ ಸಮುದ್ರ, ಎಷ್ಟು ಆಳ, ಅಲ್ಲಿ ಅಲೆ ಇತ್ತೋ ನೀರು ನಿಂತಿತ್ತೋ, ಇದ್ಯಾವುದೂ ಅವರಿಗೆ ಬೇಕಿರಲಿಲ್ಲ. ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವಿತ್ತು. ವರ್ಷಗಟ್ಟಲೆ ಯಾರೂ ತೆಗೆಯದೆ ಅದರ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿಕೊಂಡು ಓದಿದೆ. ಸುಣ್ಣದಕಲ್ಲು ತಾನು ಹುಟ್ಟಿದ ಜಾಗದ ಗುರುತನ್ನು ಮೈಮೇಲೆ ಇಟ್ಟುಕೊಂಡೇ ಇರುತ್ತದೆ ಎಂದು ಅಲ್ಲಿ ತಿಳಿಯಿತು. ಅಲೆ ಮುಟ್ಟದ ನೀರಿನಲ್ಲಿ ಹುಟ್ಟಿದ್ದು ಹಿಟ್ಟಿನಷ್ಟು ನುಣುಪು. ಅಲೆ ಉರುಳಾಡಿಸುವ ಕಡೆ ಹುಟ್ಟಿದರೆ ಸಾಸಿವೆಯಂಥ ದುಂಡು ಕಾಳು, ಒಂದೊಂದು ಕಾಳಿಗೂ ಪದರದ ಮೇಲೆ ಪದರ. ಪಾಚಿ ಹಾಸಿಕೊಂಡ ತೀರದಲ್ಲಾದರೆ ಎಲೆಕೋಸು ಕೊಯ್ದ ಹಾಗೆ ಮಡಿಕೆ ಮಡಿಕೆ. ಸುಣ್ಣದಕಲ್ಲು ನೆಲದ ಮೇಲೂ ಆಗುತ್ತದೆ, ನೀರಿನ ಬುಗ್ಗೆಯ ಬಾಯಲ್ಲಿ, ಗುಹೆಯಲ್ಲಿ, ಕೊನೆಗೆ ಬರೀ ಮಣ್ಣಿನಲ್ಲಿ ಕೂಡ ಎಂದು ಒಂದು ಮೂಲೆಯಲ್ಲಿ ಬರೆದಿತ್ತು. ಆ ಕೊನೆಯ ಮಾತನ್ನು ನಾನೂ ಪೂರ್ತಿ ನಂಬಿರಲಿಲ್ಲ.

ನಮ್ಮ ಮನೆ ಬನಶಂಕರಿಯಲ್ಲಿತ್ತು. ಅಲ್ಲಿಂದಾಚೆ ರಾಗಿ ಹೊಲ. ಚಿಕ್ಕಲಸಂದ್ರ ಆಗ ಹಳ್ಳಿಯೇ. ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯಬೇಕು, ಅಂಗಡಿಯ ಪುಡಿ ಅಜ್ಜಿಗೆ ಆಗದು. ಚಿಕ್ಕಲಸಂದ್ರದ ಅಂಚಿನಲ್ಲಿ ಸುಣ್ಣ ಸುಡುವ ಗೂಡೊಂದಿದೆ, ಅಲ್ಲಿಂದಲೇ ತಾ ಎಂದು ನನ್ನನ್ನು ಅಟ್ಟಿದಳು. ಗೂಡು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಕೈಯ ಚರ್ಮ ಸುಣ್ಣಕ್ಕೆ ಸುಲಿದು ಹೋಗಿತ್ತು. ಅವರ ಮುಂದೆ ಎರಡು ಗುಡ್ಡೆ ಬಿದ್ದಿದ್ದವು. ಒಂದು ಬಸವನಹುಳುವಿನ ಚಿಪ್ಪಿನದು, ಇನ್ನೊಂದು ಶುಂಠಿ ಗೆಡ್ಡೆಯ ಹಾಗೆ ಗಂಟುಗಂಟಾದ ಬೂದು ಕಲ್ಲಿನದು.

"ಎರಡೂ ಬೇರೆ ಬೇರೆ ಯಾಕಮ್ಮ?" ಎಂದೆ.

"ಚಿಪ್ಪು ಕೆರೇದು, ಕಲ್ಲು ಹೊಲದ್ದು. ಕೆರೇದು ಬೆಳ್ಳಗೆ ಬತ್ತದೆ, ಎಲೆ ಅಡಿಕೆಗೆ ಅದೇ ಆಗ್ಬೇಕು. ಹೊಲದ್ದರಾಗೆ ಮಣ್ಣು ಸೇರಿರ್ತದೆ. ಬಣ್ಣ ಕಮ್ಮಿ, ಗಾರೆಗೆ ಹಾಕಿದ್ರೆ ಮಾತ್ರ ಕಲ್ಲು ಕಲ್ಲು ಆಯ್ತದೆ."

"ಹೊಲದಲ್ಲಿ ಸುಣ್ಣ ಎಲ್ಲಿಂದ ಬಂತು?"

"ಬೆಳೀತದೆ ಕಣವ್ವಾ." ಅವರು ಒಂದು ಗಂಟನ್ನು ಸುತ್ತಿಗೆಯಿಂದ ಒಡೆದರು. "ಮಳೆಗಾಲದಾಗೆ ನೀರಿನ ಜೊತೆ ಇಳೀತದೆ. ಬೇಸ್ಗೇಲಿ ನೀರು ಆರೋಯ್ತದೆ, ಸುಣ್ಣ ಅಲ್ಲೇ ಕುಂತ್ಕತದೆ. ಬೇರು ಇರೋ ಕಡೆ ಜಾಸ್ತಿ. ನೋಡು, ತೂತು. ಇಲ್ಲಿದ್ದ ಬೇರು ಸತ್ತೋಗೈತೆ, ಸುಣ್ಣ ಉಳ್ಕಂಡೈತೆ. ದಿಣ್ಣೆ ಮೇಲೆ ಅಗದ್ರೆ ಸಿಕ್ಕಲ್ಲ, ತಗ್ಗಿನ ಹೊಲಕ್ಕೇ ಹೋಗ್ಬೇಕು."

ನಿಂತ ಕಾಲಲ್ಲಿ ಎರಡು ನಿಮಿಷದ ಮಾತು, ಅಷ್ಟೇ. ಆ ದಪ್ಪ ಪುಸ್ತಕ ಹೇಳಿದ್ದೂ ಇದನ್ನೇ, ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಒಡೆಯದ ಒಂದು ಗಂಟನ್ನು ಕೇಳಿ ತಂದುಕೊಂಡೆ.

ಮರುದಿನ ಅದನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. "ಚಿಕ್ಕಲಸಂದ್ರದ ಹೊಲದ್ದು ಸಾರ್. ಕಂಕರ್. ಮಣ್ಣಲ್ಲೇ ಆಗಿರೋ ಸುಣ್ಣದಕಲ್ಲು."

"ಮಣ್ಣಲ್ಲಿ ಆಲೂಗೆಡ್ಡೆ ಆಗುತ್ತಮ್ಮ" ಎಂದರು. ತರಗತಿ ನಕ್ಕಿತು. ಆಮೇಲೆ ಮೇಷ್ಟ್ರುಗಳಾಗಿ, ಆಫೀಸರುಗಳಾಗಿ ಹೊಟ್ಟೆ ಬೆಳೆಸಿಕೊಂಡವರೆಲ್ಲ ಅಂದು ಆ ಹಳಸಲು ಮಾತಿಗೆ ಬೆಂಚು ತಟ್ಟಿ ನಕ್ಕರು. ಮುಖ್ಯಸ್ಥರು ಕಲ್ಲಿನ ಮೇಲೆ ಒಂದು ಹನಿ ಆ್ಯಸಿಡ್ ಬಿಟ್ಟರು. ಬುರಬುರ ನೊರೆ ಬಂತು.

"ನೊರೆ ಬಂತಾ? ಹಾಗಾದ್ರೆ ಲೈಮ್‌ಸ್ಟೋನ್. ಲೈಮ್‌ಸ್ಟೋನ್ ಎಲ್ಲಿ ಆಗುತ್ತೆ?"

"ಸಮುದ್ರದಲ್ಲಿ ಸಾರ್" ಎಂದು ಹತ್ತು ಬಾಯಿ ಒಟ್ಟಿಗೆ ಹೇಳಿದವು.

"ಚಿಕ್ಕಲಸಂದ್ರದಲ್ಲಿ ಸಮುದ್ರ ಇದೆಯಾ?"

"ಇಲ್ಲ ಸಾರ್."

"ಹಾಗಾದ್ರೆ ಈ ಕಲ್ಲು ಅಲ್ಲಿಯದಲ್ಲ. ಯಾವುದೋ ಲಾರಿಯಿಂದ ಬಿದ್ದಿದೆ. ಮಣ್ಣಲ್ಲಿ ಬೆಳೆಯುತ್ತೆ ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ಸುಣ್ಣ ಸುಡೋರು ಸಾರ್."

"ನಾಳೆಯಿಂದ ಅವರ ಹತ್ರಾನೇ ಹೋಗು, ಡಿಗ್ರಿ ಕೊಡ್ತಾರೆ."

ಇನ್ನೂ ಒಂದು ಸಲ ನಗು. ಕಲ್ಲನ್ನು ವಾಪಸ್ಸು ಕೊಡಲಿಲ್ಲ. ಗಾಜಿನ ಬೀರುವಿನೊಳಗೆ ಸೇರಿಸಿದರು. ಮುಂದಿನ ವಾರ ನೋಡಿದರೆ ಅದರ ಕೆಳಗೆ 'ಲೈಮ್‌ಸ್ಟೋನ್, ಸಮುದ್ರಜನ್ಯ, ಬಾಗಲಕೋಟೆ' ಎಂಬ ಚೀಟಿ. ಬಾಗಲಕೋಟೆಯನ್ನು ಕಂಡವರಲ್ಲ ಅವರು. ಒಂದು ಕಲ್ಲಿಗೆ ಹುಟ್ಟಿದೂರನ್ನು ಹೀಗೆ ಕೂತ ಜಾಗದಿಂದ ದಯಪಾಲಿಸುವ ಅಧಿಕಾರ ತಮಗಿದೆ ಎಂದು ಮಾತ್ರ ಪೂರ್ತಿ ನಂಬಿದ್ದರು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಟ್ರೇಯಲ್ಲಿ ಹತ್ತು ಕಲ್ಲು, ಗುರುತಿಸಿ ಹುಟ್ಟು ಬರೆಯಬೇಕು. ಏಳನೆಯದು ನನ್ನದೇ ಕಲ್ಲು. ತಿರುಗಿಸಿದೆ, ಕೆಳಗಡೆ ಬೇರಿನ ತೂತು ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಮುಖ್ಯಸ್ಥರ ಹಳೆಯ ಗೆಳೆಯರು. ಇಬ್ಬರೂ ಮೂಲೆಯಲ್ಲಿ ಕೂತು ಖಾರಾ ಬನ್ನು ತಿನ್ನುತ್ತ ಯಾರದೋ ಮಗಳ ಮದುವೆಯ ಊಟದ ಬಗ್ಗೆ ಮಾತಾಡುತ್ತಿದ್ದರು. ನಾನು ಅವರ ಕಡೆ ಒಂದು ಸಲ ನೋಡಿದೆ. ಎಂ.ಎಸ್ಸಿ. ಸೀಟು ನೆನಪಾಯಿತು. 'ಲೈಮ್‌ಸ್ಟೋನ್, ಸಮುದ್ರಜನ್ಯ' ಎಂದು ದುಂಡಗೆ ಬರೆದೆ.

ಪೂರ್ತಿ ಅಂಕ ಬಂತು. ಗೊತ್ತಿಲ್ಲದೆ ತಪ್ಪು ಹೇಳುವವನನ್ನು ಕಂಡರೆ ನನಗೆ ಅಸಹ್ಯ. ಗೊತ್ತಿದ್ದೂ ತಪ್ಪು ಬರೆದವಳನ್ನು ಏನೆನ್ನಬೇಕು? ಆ ವರ್ಷ ಅಜ್ಜಿ ಸುಣ್ಣಕ್ಕೆಂದು ಕರೆದಾಗ ತಲೆನೋವು ಎಂದು ಹೇಳಿ ತಮ್ಮನನ್ನು ಕಳಿಸಿದೆ.

ಎಂ.ಎಸ್ಸಿ. ಮುಗಿಸಿ ಎಂಬತ್ತರ ದಶಕದ ಮೊದಲಲ್ಲಿ ಅದೇ ವಿಭಾಗಕ್ಕೆ ತಾತ್ಕಾಲಿಕ ಅಧ್ಯಾಪಕಿಯಾಗಿ ಬಂದೆ. "ಈ ಹುಡುಗಿ ಎದುರು ಮಾತಾಡಲ್ಲ" ಎಂದು ಮುಖ್ಯಸ್ಥರೇ ಪ್ರಿನ್ಸಿಪಾಲರಿಗೆ ಶಿಫಾರಸು ಮಾಡಿದ್ದರಂತೆ. ಅಷ್ಟರಲ್ಲಿ ಅವರು ಜೆ.ಪಿ. ನಗರದಲ್ಲಿ ಮನೆ ಕಟ್ಟಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಒಂದು ವರ್ಷ ಅದರದೇ ಪುರಾಣ. ಸಿಮೆಂಟು ಎಷ್ಟು ಮೂಟೆ, ಕಿಟಕಿಗೆ ಯಾವ ಮರ, ಎಲ್ಲಕ್ಕಿಂತ ಹೆಚ್ಚಾಗಿ, ಅಡುಗೆಮನೆಗೆ ಹಾಕಿಸುತ್ತಿದ್ದ ಕರೀ ಗ್ರಾನೈಟ್ ಕಟ್ಟೆ. "ಕಲ್ಲಿನ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸೋ ಹಾಗಿಲ್ಲ" ಎನ್ನುತ್ತಿದ್ದರು.

ಗೃಹಪ್ರವೇಶಕ್ಕೆ ಸ್ಟಾಫೆಲ್ಲ ಹೋದೆವು. ಪ್ರಿನ್ಸಿಪಾಲರ ಹೆಗಲ ಮೇಲೆ ಕೈ ಹಾಕಿ ಮುಖ್ಯಸ್ಥರು ಕೋಣೆ ಕೋಣೆ ತೋರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಒಳಗೆ ಅವರ ಹೆಂಡತಿ ಒದ್ದೆ ಬಟ್ಟೆ ಹಿಡಿದು ಕಟ್ಟೆ ಉಜ್ಜುತ್ತಿದ್ದರು. ಬೆಳಿಗ್ಗೆಯಿಂದ ಅಡುಗೆಯವರು ಅದರ ಮೇಲೆ ಚಿತ್ರಾನ್ನಕ್ಕೆ, ಪಾನಕಕ್ಕೆ ಎಂದು ರಾಶಿ ನಿಂಬೆಹಣ್ಣು ಕೊಯ್ದಿದ್ದರು. ರಸ ಬಿದ್ದಲ್ಲೆಲ್ಲ ಹೊಳಪು ಹೋಗಿ ಮಾಸಲು ಬಿಳಿ ಕಲೆ.

"ರೀ, ಇಲ್ನೋಡಿ, ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ" ಎಂದರು.

"ಸೋಪು ಹಾಕು. ಗ್ರಾನೈಟಿಗೆ ಏನೂ ಆಗಲ್ಲ."

"ಸೋಪೂ ಹಾಕ್ದೆ, ಸೀಗೇಪುಡೀನೂ ಹಾಕ್ದೆ." ಅವರು ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀವೂ ಕಲ್ಲೇ ಓದಿದೋರಲ್ವಾ? ಸ್ವಲ್ಪ ನೋಡಿ."

ಮುಖ್ಯಸ್ಥರು ನನ್ನತ್ತ ಒಂದು ನೋಟ ಬಿಟ್ಟರು. ಪರೀಕ್ಷೆಯ ಕೋಣೆಯಲ್ಲಿ ಅಂಥ ನೋಟವೂ ಬೇಕಾಗಿರಲಿಲ್ಲ, ನಾನೇ ಮೊದಲು ಬಗ್ಗಿದ್ದೆ. ಇವತ್ತು ಒಂದು ನಿಂಬೆಹೋಳು ತೆಗೆದುಕೊಂಡು ಕಟ್ಟೆಯ ಮೂಲೆಯ ಮೇಲೆ ಹಿಂಡಿದೆ. ನಾಲ್ಕು ಜನ ಬಗ್ಗಿ ನೋಡಿದರು. ರಸದೊಳಗೆ ಸಣ್ಣ ಸಣ್ಣ ಗುಳ್ಳೆ ಎದ್ದವು.

"ಇದು ಗ್ರಾನೈಟ್ ಅಲ್ಲ ಮೇಡಂ. ಕಡಪ ಕಲ್ಲು. ಇದೂ ಸುಣ್ಣದಕಲ್ಲೇ, ಹುಳಿ ಬಿದ್ರೆ ಕರಗುತ್ತೆ."

ಮುಖ್ಯಸ್ಥರ ಕಿವಿ ಕೆಂಪಾಯಿತು. "ಮೇಸ್ತ್ರಿ ಮೋಸ ಮಾಡ್ದ, ನೋಡಿ" ಎಂದರು ಪ್ರಿನ್ಸಿಪಾಲರಿಗೆ.

"ಮೇಸ್ತ್ರಿ ಕಡಪ ಅಂತಾನೇ ಹೇಳಿದ್ನಲ್ರೀ" ಎಂದರು ಹೆಂಡತಿ, ಬಟ್ಟೆ ಹಿಂಡುತ್ತ. "ಇದು ಗ್ರಾನೈಟು, ನಾನು ಇದರಲ್ಲೇ ಪ್ರೊಫೆಸರು, ನಂಗೆ ಹೇಳಿಕೊಡ್ತೀಯಾ ಅಂತ ನೀವೇ ಅವನಿಗೆ ಬೈದ್ರಿ."

ಪ್ರಿನ್ಸಿಪಾಲರು ಎಲೆ ಹಾಕಿದರೇನೋ ನೋಡೋಣ ಎಂದು ಹೊರಗೆ ನಡೆದರು. ಉಳಿದವರು ನಗು ಬಾಯಲ್ಲಿಟ್ಟುಕೊಂಡು ಹಿಂದೆಯೇ ಹೋದರು. ಅಂದು ನಾನು ಎಷ್ಟೋ ವರ್ಷಗಳ ನಂತರ ಹೊಟ್ಟೆ ತುಂಬ ಉಂಡೆ. ಇದರಲ್ಲಿ ದೊಡ್ಡತನವೇನಿಲ್ಲ, ಅವರ ಮಾನ ಹೋದದ್ದಕ್ಕೆ ನನಗೆ ಸಂತೋಷವೇ ಆಗಿತ್ತು.

ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಮಣೆ ಹಾಕಿದರು. "ಈ ಕಲ್ಲು ಹೇಗಾಯ್ತು ಹೇಳಿ" ಎಂದರು. ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ಅವರ ಮದುವೆಯಾಗಿತ್ತಂತೆ. ನಾನು ಹೇಳಿದೆ. ಕಡಪದ ಕಡೆ ಎಷ್ಟೋ ಕೋಟಿ ವರ್ಷಗಳ ಕೆಳಗೆ ಸಮುದ್ರವಿತ್ತು, ಆಗಿನ್ನೂ ಚಿಪ್ಪಿನ ಜೀವಿಗಳು ಹುಟ್ಟಿರಲಿಲ್ಲ. ಅಲೆ ತಲುಪದ ಕಡೆ ನೀರಿನಿಂದ ಸುಣ್ಣದ ನುಣ್ಣನೆ ಕೆಸರು ಪದರ ಪದರವಾಗಿ ಕೂತಿತು. ತಳದಲ್ಲಿ ಗಾಳಿ ಇಲ್ಲದೆ ಪಾಚಿ ಪೂರ್ತಿ ಕೊಳೆಯಲಿಲ್ಲ, ಅದರ ಕಪ್ಪೇ ಈ ಕಪ್ಪು. ಇದೇ ಸುಣ್ಣ ಅಲೆ ಹೊಡೆಯುವ ದಡದಲ್ಲಿ ಕೂತಿದ್ದರೆ ಕಲ್ಲು ಬೇರೆಯೇ ಆಗಿರುತ್ತಿತ್ತು, ತರಿತರಿಯಾಗಿ.

"ಎಷ್ಟು ಆಳ ಇತ್ತು ಅಲ್ಲಿ?"

ಅವರ ಗಂಡ ಒಂದು ದಿನವೂ ಕೇಳದ ಪ್ರಶ್ನೆ ಅದು. ನನಗೆ ಸರಿಯಾಗಿ ಗೊತ್ತಿಲ್ಲ, ಓದಿ ಹೇಳುತ್ತೇನೆ ಎಂದೆ. ಓದಿ, ಮುಂದಿನ ತಿಂಗಳು ಹೋಗಿ ಹೇಳಿಯೂ ಬಂದೆ. ಕಟ್ಟೆಯನ್ನು ಬದಲಾಯಿಸಲು ಅವರು ಗಂಡನಿಗೆ ಬಿಟ್ಟಿರಲಿಲ್ಲ.

ಮುಖ್ಯಸ್ಥರು ಎರಡು ಟರ್ಮು ನನ್ನ ಮುಖ ನೋಡಲಿಲ್ಲ. ಬೆಳಿಗ್ಗೆ ಎಂಟರ ಪ್ರಾಕ್ಟಿಕಲ್ಲುಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಪಾಠಕ್ಕೆ ಪಳೆಯುಳಿಕೆ ಕೊಟ್ಟು, ಶಿಲೆಗಳ ಪೇಪರನ್ನು ಕಿತ್ತುಕೊಂಡರು. ನಾನು ಪ್ರಾಕ್ಟಿಕಲ್ ಹುಡುಗರನ್ನು ಹುಳಿಮಾವು ಕೆರೆಯ ಹಿಂದಿನ ತಗ್ಗಿಗೆ ಕರೆದುಕೊಂಡು ಹೋಗಿ ಕಂಕರ್ ಅಗೆಸಿದೆ. ಬೂಟು ಕೊಳೆಯಾಯಿತು ಎಂದು ಇಬ್ಬರು ದೂರು ಕೊಟ್ಟರು. ಮುಖ್ಯಸ್ಥರು ನನಗೊಂದು ಮೆಮೊ ಕೊಟ್ಟರು. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು.

ದಶಕದ ಕೊನೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ವಿಭಾಗದ ಪರವಾಗಿ ಯಾರಾದರೂ ಮಾತಾಡಬೇಕಿತ್ತು. ಆ ವರ್ಷ ನನ್ನ ಕೆಲಸ ಖಾಯಂ ಆಗುವುದರಲ್ಲಿತ್ತು. ಗಂಧದ ಹಾರ ಹಾಕಿಸಿಕೊಂಡು ಕೂತ ಅವರನ್ನು ನೋಡುತ್ತ, ನೂರಾರು ವಿದ್ಯಾರ್ಥಿಗಳ ಕಣ್ಣು ತೆರೆಸಿದ ಗುರುಗಳು ಎಂದು ನಾನು ತಡವರಿಸದೆ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಮುಖ್ಯಸ್ಥರು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ನಾನು ಹೇಳಿದ್ದನ್ನೆಲ್ಲ ನಂಬಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.