ಮಾರಮ್ಮನ ತವರು

ನಮ್ಮ ಕ್ವಿಜ್ ತಂಡದಲ್ಲಿ ರೇವಮ್ಮ ಇಲ್ಲ; ಆದರೆ ಉತ್ತರ ಹೇಳುವುದರಲ್ಲಿ ಅವಳೇ ಮೊದಲು. ದುದ್ದದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಅಡುಗೆಕೋಣೆಗೂ ನನ್ನ ತರಗತಿಗೂ ನಡುವೆ ಒಂದೇ ಕಿಟಕಿ. ಗ್ರೀಕರ ದೇವರಾಜ ಜೀಯಸ್ ಎಂದು ನಾನು ಬಾಯಿ ಮುಚ್ಚುವುದರೊಳಗೆ ಸಾಂಬಾರಿನ ಹಬೆಯಿಂದ ರೋಮನ್ನರ ಜುಪಿಟರ್ ಬರುತ್ತಿದ್ದ. ಹೆರಾ ಎಂದರೆ ಜೂನೋ, ಪೊಸೈಡನ್ ಎಂದರೆ ನೆಪ್ಚೂನ್. ನನ್ನ ತರಗತಿಯ ಮಕ್ಕಳಿಗೋ ಹೊಟ್ಟೆ ತುಂಬುವವರೆಗೆ ತಲೆ ಓಡುವುದಿಲ್ಲ. ರೋಮನ್ನರು ಹೆಸರು ಬೇರೆ ಇಟ್ಟುಕೊಂಡರೂ ಆ ಕತೆಗಳ ತವರು ಗ್ರೀಸೇ, ಅಪೊಲೊ ಮಾತ್ರ ಎರಡೂ ಕಡೆ ಅಪೊಲೊ ಎಂದು ಒಮ್ಮೆ ವಿವರಿಸಿದೆ.

"ಅವ್ನೊಬ್ನೇ ಗಟ್ಟಿಗ ಕಣ್ ಮೇಡಂ" ಎಂದಳು.

ಹೆಸರಿನ ಮಾತು ಅವಳಿಗೆ ಆಟವಾಗಿರಲಿಲ್ಲ. ಅವಳ ಊರಿನ ಕೋಡಿಮಾರಮ್ಮನಿಗೆ ಕೇರಿಯಲ್ಲಿರುವ ಇವಳ ಮನೆಯೇ ತವರು. ಪ್ರತಿ ವರ್ಷ ಆ ಮನೆಯ ಮಡಿಲಕ್ಕಿ ಬಂದ ಮೇಲೆಯೇ ಊರಿನವರು ಆರತಿ ಎತ್ತಬೇಕು. ಈ ಸಲ ಗುಡಿಯನ್ನು ಹೊಸದಾಗಿ ಕಟ್ಟಿ, ಬಾಗಿಲ ಮೇಲೆ 'ಶ್ರೀ ರಾಜರಾಜೇಶ್ವರಿ' ಎಂದು ಬೋರ್ಡು ಹಾಕಿದ್ದರು. ಈ ದೇವಿಗೆ ತವರುಗಿವರು ಇಲ್ಲ, ಮಡಿಲಕ್ಕಿ ತರಬೇಡ ಎಂದು ಸಮಿತಿಯ ಅಧ್ಯಕ್ಷ ಕೀರ್ತಿರಾಜ್ ಹೇಳಿಕಳಿಸಿದ್ದ. ಕೇಳಿ ನನಗೆ ಮೈ ಉರಿಯಿತು. ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

ಹೊಳೆನರಸೀಪುರದ ನನ್ನ ತವರಿನಲ್ಲಿ ನಾನು ಹಂಸ. ಮದುವೆಯ ದಿನ ಗಂಡನ ಮನೆಯವರು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು 'ವೇದವತಿ' ಎಂದು ಬರೆಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಇದನ್ನು ರೇವಮ್ಮನಿಗೆ ಯಾವಾಗಲೋ ಹೇಳಿದ್ದೆ.

"ಎಸ್ರು ಬದ್ಲಾಯ್ತು ಅಂತ ನಿಮ್ ತವ್ರೋರು ಬಾಗ್ನ ಕಳ್ಸೋದು ನಿಲ್ಸುದ್ರಾ ಮೇಡಂ?" ಎಂದು ಈಗ ಅದನ್ನೇ ನೆನೆದು ಕೇಳಿದಳು.

ಇಲ್ಲ ಎಂದೆ. ಅಪ್ಪ ಇರುವತನಕ ಗೌರಿಹಬ್ಬಕ್ಕೆ ಬಾಗಿನ ತಂದರು, ಈಗ ತಮ್ಮ ತರುತ್ತಾನೆ.

ಮಾರಮ್ಮನ ಹಬ್ಬದ ಮಂಗಳವಾರ ರಜೆ ಹಾಕಿ ನಾನೂ ಹೋದೆ. ರೇವಮ್ಮ ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಕೀರ್ತಿರಾಜ್ ಬಾಗಿಲಿಗೆ ಅಡ್ಡ ನಿಂತು, ಬೋರ್ಡು ತೋರಿಸಿ ಓದು ಎಂದ. ಅವಳು ತಡವರಿಸದೆ ಓದಿದಳು.

"ಬೋರ್ಡು ನಿಮ್ದು ಸಾ. ಮಗ್ಳು ನಮ್ಮೋಳು."

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಸಿಲೇರಿತು. ಅವನು ಆರತಿಯವರನ್ನು ಕೈಬೀಸಿ ಕರೆದ. ತಟ್ಟೆ ಹಿಡಿದ ಹೆಂಗಸರಲ್ಲಿ ಒಬ್ಬಳೂ ಅವಳನ್ನು ದಾಟಲಿಲ್ಲ. ತವರಿನ ಮಡಿಲಕ್ಕಿಗೆ ಮುಂಚೆ ಆರತಿ ಎತ್ತುವ ಧೈರ್ಯ ಅವನ ತಾಯಿ ಗುರುಸಿದ್ದಮ್ಮನಿಗೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಪಕ್ಕಕ್ಕೆ ಸರಿದ. ರೇವಮ್ಮ ಒಳಗೆ ಹೋಗಿ, "ಮಾರವ್ವಾ, ಬಂದಿವ್ನಿ" ಎಂದು ಮಡಿಲು ತುಂಬಿದಳು. ನನಗೆ ಅಳು ಬಂತು.

ಮರುದಿನ ಕಪ್ಪುಹಲಗೆಯ ಜೋಡಿಗಳ ಕೊನೆಗೆ ಕೋಡಿಮಾರಮ್ಮ, ರಾಜರಾಜೇಶ್ವರಿ ಎಂದು ಬರೆದೆ. ಇನ್ನೊಂದು ಜೋಡಿ ಬಿಟ್ಟಿದ್ದೀರಿ ಎಂದು ಕಿಟಕಿಯಿಂದ ರೇವಮ್ಮ ತಿದ್ದಿದಳು. ಯಾವುದು ಎಂದೆ.

"ಅಂಸ" ಎಂದಳು.

ಮೂವತ್ತು ವರ್ಷದ ಮೇಲೆ ಹಂಸ ಎಂಬ ಆ ಹೆಸರನ್ನು ನಾನೇ, ನನ್ನ ಕೈಯಾರೆ ಬರೆದೆ.