ಶುಕ್ರವಾರ ಬಿಚ್ಚದ ಗಂಟು

ಹಳೆಯ ಟ್ರಂಕಿನ ತಳದಲ್ಲಿ ಮೊನ್ನೆ ಒಂದು ಕೆಂಪು ರವಿಕೆ ಕಣ ಸಿಕ್ಕಿತು. ಗಂಟು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ನಾಲ್ಕು ಮೂಲೆಯೂ ಸುಕ್ಕುಗಟ್ಟಿವೆ. ಮೂಗಿಗೆ ಹಿಡಿದರೆ ಹೊಗೆಸೊಪ್ಪಿನ ಘಾಟು ಇನ್ನೂ ಇದೆ... ಅಥವಾ ನನಗೆ ಹಾಗನ್ನಿಸುತ್ತದೋ ಏನೋ. ಅದನ್ನು ಹಿಡಿದು ಕೂತವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನಲ್ಲಿ ಶಾಲೆ ಟೀಚರಾಗಿದ್ದೆ. ನಮ್ಮ ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಅಕ್ಕನ ಮನೆ. ಒಡಹುಟ್ಟಿದವಳಲ್ಲ; ಬೀದಿಯವರೆಲ್ಲ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ಎರಡು ಕೋಣೆಯ ಹೆಂಚಿನ ಮನೆ, ಅವಳ ತಾಯಿ ಅವಳ ಹೆಸರಿಗೇ ಬರೆದುಕೊಟ್ಟದ್ದು. ಅಕ್ಕ ಹೊಗೆಸೊಪ್ಪಿನ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಅವಳ ಸೀರೆ, ತಲೆಗೂದಲು, ಬೆರಳು ಎಲ್ಲ ಅದೇ ವಾಸನೆ.

ಸಾಲ ಅವಳದಲ್ಲ. ನಾದಿನಿಯ ಗಂಡ ಟೆಂಪೊ ಕೊಳ್ಳಲು ಒಂದು ಪತ್ತಿನ ಸಂಘದಲ್ಲಿ ಸಾಲ ತೆಗೆದ. ನಾದಿನಿ ಬಂದು ಅತ್ತಳು, ಅಕ್ಕನ ಗಂಡ ಕರಗಿದ, ಅಕ್ಕನ ಮನೆ ಪತ್ರ ಜಾಮೀನಿಗೆ ಹೋಯಿತು. ಆರು ತಿಂಗಳಲ್ಲಿ ಟೆಂಪೊನೂ ಇಲ್ಲ, ಆ ಮಹಾನುಭಾವನೂ ಇಲ್ಲ. ಕೇರಳದ ಕಡೆ ಹೋದ ಅಂದರು. ನೋಟೀಸು ಅಕ್ಕನ ಬಾಗಿಲಿಗೆ ಬಂತು. ಗಂಡ ಜಗಲಿ ಮೇಲೆ ತಲೆ ಮೇಲೆ ಕೈಹೊತ್ತು ಕೂತ. ಅಕ್ಕ ನೋಟೀಸು ಹಿಡಿದು ನನ್ನ ಹತ್ತಿರ ಬಂದಳು.

ಅರ್ಜಿ ನಾನೇ ಬರೆದೆ. ನಾಲ್ಕು ಸಲ ಅಲೆಸಿದ ಮೇಲೆ ಸಂಘದವರು ಒಪ್ಪಿ ಛಾಪಾ ಕಾಗದದಲ್ಲಿ ಕರಾರು ಮಾಡಿಕೊಟ್ಟರು. ಹದಿನೆಂಟು ಕಂತು, ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ. ಎಲ್ಲ ಸರಿಯಾಗಿ ಕಟ್ಟಿದರೆ ದಂಡದ ಬಡ್ಡಿ ಮನ್ನಾ. ಒಂದೇ ಒಂದು ತಪ್ಪಿದರೆ ಕರಾರು ರದ್ದು, ಪೂರ್ತಿ ಬಾಕಿ ಒಂದೇ ಸಲ ಕಟ್ಟಬೇಕು, ಇಲ್ಲದಿದ್ದರೆ ಮನೆ ಹರಾಜು. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಹೇಳಿದೆ.

"ಒಂದು ಕಂತೂ ತಪ್ಸಾಕಿಲ್ಲ ಬುಡಿ ಟೀಚರಮ್ಮ" ಅಂದಳು. "ನಮ್ಮವ್ವನ ಮನೆ ಕಣ್ರೀ ಅದು."

ಹಬ್ಬಹರಿದಿನಕ್ಕೆ ಕುಂಕುಮದ ಜೊತೆ ಬಂದ ಕಣಗಳನ್ನು ಹೊಲಿಸಿಕೊಳ್ಳದೆ ಅವುಗಳಲ್ಲಿ ದುಡ್ಡು ಕಟ್ಟಿಡಲು ಶುರುಮಾಡಿದಳು. ಹಸಿರು ಕಣ ರಾಗಿ ಅಕ್ಕಿಗೆ, ಹಳದಿ ಮಗಳ ಸ್ಕೂಲಿಗೆ, ಕೆಂಪು ಸಂಘದ ಕಂತಿಗೆ. ಕೆಂಪು ಕಣ ಗೌರಿ ಹಬ್ಬಕ್ಕೆ ನಾನು ಕೊಟ್ಟದ್ದು. ಹಸಿರಿನಿಂದ ಕೆಂಪಿಗೆ ಹಾಕಬಹುದು, ಕೆಂಪಿನಿಂದ ಯಾವುದಕ್ಕೂ ತೆಗೆಯುವ ಹಾಗಿಲ್ಲ. ಸಂಜೆ ಕಾಫಿ ನಿಂತಿತು. ಸೋಪನ್ನು ದಾರದಲ್ಲಿ ಕೊಯ್ದು ನಾಲ್ಕು ಮಾಡುತ್ತಿದ್ದಳು. ವಾರದಲ್ಲಿ ಐದು ದಿನ ಉಪ್ಪುಸಾರು, ಮುದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಬೀದಿಯ ಹಿರಿಯರೊಬ್ಬರು ಅವಳಿಗೆ ಬುದ್ಧಿ ಹೇಳಿದರು. ಅಯ್ಯೋ ಶಿವನೇ, ಅವಳು ಕಾಲು ಚಾಚಿದ್ದಾದರೂ ಯಾವಾಗ? ಹಾಸಿಗೆ ಸುತ್ತಿಕೊಂಡು ಓಡಿದವನನ್ನು ಒಬ್ಬರೂ ಕೇಳಲಿಲ್ಲ.

ಹದಿನಾಲ್ಕು ಕಂತು ಹೀಗೇ ಕಟ್ಟಿದಳು. ಹದಿನೈದನೆಯದರ ಹೊತ್ತಿಗೆ ಮಗಳಿಗೆ ಟೈಫಾಯಿಡ್ ಬಂದು ಮೊದಲ ಸಲ ಕೆಂಪು ಗಂಟಿಗೆ ಕೈ ಹಾಕಬೇಕಾಯಿತು. ಕಮ್ಮಿ ಬಿದ್ದದ್ದು ಕೂಲಿ ಬಟವಾಡೆಯಿಂದ ತುಂಬಬೇಕು. ಶುಕ್ರವಾರ ದುಡ್ಡು ಹೊರಗೆ ಕೊಡಬಾರದೆಂದು ಹೊಗೆಸೊಪ್ಪಿನ ಯಜಮಾನರು ಬಟವಾಡೆಯನ್ನು ಗುರುವಾರ ಸಂಜೆಯೇ ಮುಗಿಸುತ್ತಿದ್ದರು. ಅಷ್ಟು ಹೊತ್ತಿಗೆ ಸಂಘ ಮುಚ್ಚಿತ್ತು. ಮಾರನೇ ದಿನ ಹತ್ತನೇ ತಾರೀಖು, ಶುಕ್ರವಾರ.

ಅಂದು ಕೆಲಸ ಬೇಗ ಬಿಟ್ಟು ಐದು ಗಂಟೆಗೆ ಗಂಟು ಹಿಡಿದು ಬಂದಳು. "ಬತ್ತೀರಾ ಟೀಚರಮ್ಮ, ಸಂಘ ಮುಚ್ಚಾಕೆ ಮುಂಚೆ ಕಟ್ಬುಟ್ಟು ಬರಾನ." ನಾನು ಹೊಸ್ತಿಲು ತೊಳೆದು ರಂಗೋಲಿ ಹಾಕಿ ಏಳುತ್ತಿದ್ದೆ.

"ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಲಕ್ಷ್ಮೀನ ಹೊರಗೆ ಕಳಿಸ್ತಾರೇನಕ್ಕ?" ಅಂದೆ. "ಒಂದು ದಿನಕ್ಕೆ ಏನು ಮುಳುಗಿ ಹೋಗುತ್ತೆ? ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗೋಣ."

ಹೇಳಿದವಳು ನಾನು. ಕರಾರನ್ನು ಎರಡೆರಡು ಸಲ ಓದಿ ಹೇಳಿದ ಇದೇ ಬಾಯಿ. "ಅದೂ ನಿಜಾನೇಯ..." ಅಂದು ಅಕ್ಕ ಗಂಟನ್ನು ನಮ್ಮ ದೇವರ ಮುಂದೆಯೇ ಇಟ್ಟು ಹೋದಳು.

ಶನಿವಾರ ಸಂಘದ ಬಾಗಿಲು ತೆಗೆಯುವ ಮುಂಚೆ ಹೋಗಿ ನಿಂತೆವು. ಕಾರ್ಯದರ್ಶಿ ಗಂಟನ್ನು ಮುಟ್ಟಲಿಲ್ಲ. "ನೆನ್ನೆಗೇ ಮುಗೀತು ಕಣಮ್ಮ. ಕರಾರು ಕರಾರೇ."

"ದುಡ್ಡು ನೆನ್ನೆನೇ ಇತ್ತು ಸ್ವಾಮಿ. ಸುಕ್ರವಾರ ಅಂತ ತರ್ನಿಲ್ಲ" ಎಂದು ಅಕ್ಕ ಕೈಮುಗಿದಳು.

ಅವನ ಹಿಂದಿನ ಹಣದ ಪೆಟ್ಟಿಗೆಯ ಮೇಲೆ ಹಿಂದಿನ ಸಂಜೆಯ ಸೇವಂತಿಗೆ ಹೂವು ಇನ್ನೂ ಬಾಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ನೀವೂ ಶುಕ್ರವಾರ ಯಾರಿಗೂ ಸಾಲದ ದುಡ್ಡು ಕೊಡಲ್ಲ! ಪೆಟ್ಟಿಗೆಗೆ ಮಂಗಳಾರತಿ ಮಾಡಿ ಬೀಗ ಹಾಕ್ತೀರಿ. ಊರಿಗೆಲ್ಲ ಗೊತ್ತಿದೆ."

ಅವನು ನಕ್ಕ. "ಕೊಡಲ್ಲ ಮೇಡಂ. ತಗೋತೀವಲ್ಲ!"

ಆ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವನ ಬಾಯಿಗೆ ಮಣ್ಣು ಬೀಳ! ಯಜಮಾನರು ಶುಕ್ರವಾರ ಆಚರಿಸಿದರು, ಸಂಘ ಆಚರಿಸಿತು, ನಾನು ಆಚರಿಸಿದೆ. ನಮಗ್ಯಾರಿಗೂ ಒಂದು ಬಿಡಿಗಾಸು ನಷ್ಟವಾಗಲಿಲ್ಲ. ಹದಿನಾಲ್ಕು ತಿಂಗಳು ಹೊಟ್ಟೆ ಕಟ್ಟಿ ಕಟ್ಟಿದವಳಿಗೆ ಮಾತ್ರ ದಂಡ. ಮೇಲಿನವರಿಗೆ ಎರಡು ಅರ್ಜಿ ಬರೆದೆ, ಮೈಸೂರಿಗೂ ಹೋಗಿ ಬಂದೆ. ಉತ್ತರವೇ ಬರಲಿಲ್ಲ. ಹರಾಜಿನಲ್ಲಿ ಮಾನ ಹೋಗುವುದು ಬೇಡವೆಂದು ಅಕ್ಕ ಸಿಕ್ಕ ಬೆಲೆಗೆ ಮನೆ ಮಾರಿ ಬಾಕಿ ತೀರಿಸಿದಳು.

ಅಂತರಸಂತೆ ಕಡೆ ನೆಂಟರ ಊರಿಗೆ ಹೊರಟ ದಿನ, ಕೆಂಪು ಕಣವನ್ನು ಒಗೆದು ಮಡಿಸಿ ತಂದುಕೊಟ್ಟಳು. "ಇದ್ರಾಗೆ ಕಟ್ಟಾಕೆ ಇನ್ನೇನೂ ಇಲ್ಲ. ನೀವೇ ಮಡಿಕಳಿ."

"ತಪ್ಪು ನನ್ನದಕ್ಕ" ಅಂದೆ. "ನಿಮ್ದೇನ್ ತಪ್ಪು ಬುಡಿ, ನಂಗೂ ಅಂಗೇ ಅನ್ಸಿತ್ತು" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಲವು ವರ್ಷಗಳ ಮೇಲೆ ಒಂದು ಸಂತೆಯ ದಿನ ಅಂತರಸಂತೆಗೆ ಹೋಗಿ ವಿಚಾರಿಸಿದೆ. ಸೊಪ್ಪು ಮಾರುವ ಹೆಂಗಸು, "ಓ ಆ ಅಕ್ಕನಾ, ತೀರೋಗಿ ಎರಡು ವರ್ಸಾಯ್ತಲ್ಲ" ಅಂದಳು. ಮಗಳು ಎಲ್ಲಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ...

ಈಗ ನಾನು ಹಾಲಿನವನ ಲೆಕ್ಕವನ್ನು ಬೇಕೆಂದೇ ಶುಕ್ರವಾರ ಸಂಜೆ, ದೀಪ ಹಚ್ಚಿದ ಮೇಲೆ ಚುಕ್ತಾ ಮಾಡುತ್ತೇನೆ. ಲಕ್ಷ್ಮಿ ಹೊರಟುಹೋಗುತ್ತಾಳೆ ಅತ್ತೆ, ನಾಳೆ ಕೊಡಿ ಎಂದು ಸೊಸೆ ಗೊಣಗುತ್ತಾಳೆ. ಕೊಡುತ್ತಲೇ ಇದ್ದೇನೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಿಂದ ಲಕ್ಷ್ಮಿ ಎಲ್ಲಿಗೂ ಹೋಗಿಲ್ಲ. ಮನೆ ಬಿಟ್ಟು ಹೋದವಳು ಅಕ್ಕ ಒಬ್ಬಳೇ.