ಉಪ್ಪು ಬೇಡವೆಂದ ಬೋರಲಿಂಗಯ್ಯ ಮೇಷ್ಟ್ರು

ದ್ರವಗಳನ್ನು ಬೇರ್ಪಡಿಸುವ, ಬಿರಡೆಯಿರುವ ಗಾಜಿನ ಆಲಿಕೆಯನ್ನು ಯಾರಾದರೂ ಜೋರಾಗಿ ಕುಲುಕಿದ ಸದ್ದು ಕೇಳಿದರೆ ಸಾಕು, ಬೋರಲಿಂಗಯ್ಯ ಮೇಷ್ಟ್ರು ಪ್ರಯೋಗಶಾಲೆಯ ಆ ತುದಿಯಿಂದಲೇ ಕೂಗುತ್ತಿದ್ದರು: “ಲೇ, ಮೊಸರು ಕಡೀತಿದ್ದೀಯೇನ್ಲಾ? ನಿಲ್ಸಲಾ!” ಎಪ್ಪತ್ತರ ದಶಕದಲ್ಲಿ ಮಂಡ್ಯದ ಕಾಲೇಜೊಂದರಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದವರು. ಸಿಟ್ಟು ಬಂದರೆ ಅವರ ಇಂಗ್ಲಿಷೂ ಪುಸ್ತಕದ ಕನ್ನಡವೂ ಓಡಿಹೋಗುತ್ತಿದ್ದವು.

ಚಹಾದ ಕಷಾಯಕ್ಕೆ ಕ್ಲೋರೋಫಾರಂ ಸೇರಿಸಿ ಕೆಫೀನನ್ನು ಬೇರ್ಪಡಿಸುವ ಪ್ರಯೋಗ ಅದು. ಮೆಲ್ಲಗೆ ಓಲಾಡಿಸಿದರೆ ಎರಡು ಪದರ ಬೇರೆಬೇರೆ ನಿಲ್ಲುತ್ತವೆ. ಜೋರಾಗಿ ಕುಲುಕಿದರೆ ನಡುವೆ ಬೆಳ್ಳನೆಯ ನೊರೆ ಕಟ್ಟಿಕೊಂಡು ಬೇರೆಯಾಗಲು ಒಲ್ಲೆ ಅನ್ನುತ್ತವೆ. ಒಂದಿಷ್ಟು ಉಪ್ಪು ಹಾಕಿದರೆ ಆ ನೊರೆ ಒಡೆಯುತ್ತದೆ. ಆದರೆ ಮೇಷ್ಟ್ರು ಉಪ್ಪಿನ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. “ಉಪ್ಪು ಸುರುದ್ರೆ ಕೈಗೆ ಬುದ್ಧಿ ಬರಾಕಿಲ್ಲ. ಸುಮ್ಕೆ ಕಾಯ್ರಿ.”

ಹುಡುಗಿಗೆ ಬಿ.ಎಸ್ಸಿ. ಯಾಕೆ ಎಂದ ಅಪ್ಪನೊಡನೆ ಕೆರಗೋಡಿನ ನಮ್ಮ ಮನೆಗೇ ಬಂದು ಜಗಳವಾಡಿ, ನನ್ನನ್ನು ಓದಿಗೆ ಹಚ್ಚಿದವರೂ ಅವರೇ. “ಫೇಲಾದ್ರೆ ಅಲ್ಲಿಗೆ ಮುಗೀತು” ಎಂದು ಅಪ್ಪ ಹಾಕಿದ ಷರತ್ತು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಹಾಗೆ ಮಾಡಿದರಲ್ಲ, ಅದಕ್ಕೇ ಅವರ ಮೇಲೆ ನನಗೆ ಇಷ್ಟು ಸಿಟ್ಟು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಆತುರಕ್ಕೆ ಜೋರಾಗಿ ಕುಲುಕಿದೆ, ನನ್ನ ಆಲಿಕೆಯಲ್ಲಿ ನೊರೆ ಕಟ್ಟಿತು. ಉಳಿದವರು ಮನೆಯಿಂದಲೇ ಉಪ್ಪು ತಂದಿದ್ದರು. ಪಕ್ಕದ ಸರೋಜ ತನ್ನ ಪೊಟ್ಟಣವನ್ನು ನನ್ನತ್ತ ಸರಿಸಿದಳು. ಮೇಷ್ಟ್ರ ಮುಖ ನೋಡಿದೆ. ಬೇಡವೆಂದು ತಲೆಯಾಡಿಸಿದರು. ಕಾದೆ. ನೊರೆ ಒಡೆಯುವ ಮುನ್ನವೇ ಗಂಟೆ ಹೊಡೆಯಿತು.

“ಒಂಚೂರು ಉಪ್ಪು ಹಾಕೋದಕ್ಕೇನಮ್ಮ? ಅಷ್ಟೂ ಕಲಿತಿಲ್ವೆ?” ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕರು.

ಬೇಡವೆಂದವನು ನಾನೇ ಎಂಬ ಒಂದು ಮಾತು ಮೇಷ್ಟ್ರ ಬಾಯಿಂದ ಬರಬೇಕಿತ್ತು. ನಮ್ಮೆಲ್ಲರನ್ನೂ ಗಡಗಡ ನಡುಗಿಸುತ್ತಿದ್ದ ಮನುಷ್ಯ ಕನ್ನಡಕ ಒರೆಸುತ್ತ ಕಿಟಕಿಯಾಚೆ ನೋಡುತ್ತ ನಿಂತುಬಿಟ್ಟರು. ಥೂ, ಇಂಥ ಪುಕ್ಕಲನ ಮಾತು ಕೇಳಿದೆನಲ್ಲ!

ಫೇಲಾದೆ. ಮತ್ತೆ ಪರೀಕ್ಷೆ ಕಟ್ಟುತ್ತೇನೆಂದರೆ ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಮಳವಳ್ಳಿಯ ಗಂಡು ಗೊತ್ತುಮಾಡಿದರು.

ಧಾರೆಯಾದ ಮೇಲೆ ಮೇಷ್ಟ್ರು ಬಂದು ಅಕ್ಷತೆ ಹಾಕಿ, ಅಲ್ಲೇ ನಿಂತರು. “ಆವತ್ತು ನಾನೇಳ್ಬೇಕಾಗಿತ್ತು ಕಣವ್ವ. ಬಾಯೇ ಬರ್ನಿಲ್ಲ.”

“ಈಗ ಯಾರ್ಗೇಳ್ತೀರಿ ಸಾ?” ಎಂದೆ.

ತಲೆ ತಗ್ಗಿಸಿಕೊಂಡು ಹೊರಟರು. ಮದುವೆಗೆ ಬಂದವರನ್ನು ಉಣ್ಣಿಸದೆ ಕಳಿಸುವುದು ನಮ್ಮಲ್ಲಿಲ್ಲ. ಅಪ್ಪ ಅವರ ಕೈ ಹಿಡಿದು ಊಟಕ್ಕೆ ಕರೆದರು. ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು. ಉಂಡು ಹೋಗಿ ಎಂದು ನಾನು ಅನ್ನಲಿಲ್ಲ. ಹಸಿದುಕೊಂಡೇ ಮಂಡ್ಯದ ಬಸ್ಸು ಹತ್ತಿದರು. ಆಮೇಲೆ ಅವರನ್ನು ನೋಡಲಿಲ್ಲ.